ಬಸುರಿಗೆ ಬಿಡುವು ಎಲ್ಲಿಂದ ಬರಬೇಕು?

(ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಓದಿದ್ದು ನರ್ಸಿಂಗ್. ಕೆಲಸದ ಬಹುಪಾಲು ವರ್ಷಗಳು ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲೇ ಕಳೆದವು. ಬಡವರು, ಸ್ಥಿತಿವಂತರು ಅನ್ನುವ ವ್ಯತ್ಯಾಸ ಬಸಿರು ಮತ್ತು ಹೆರಿಗೆಯಲ್ಲಿ ಹೇಗೆ ಕಾಣುತ್ತದೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಹೇಳಬೇಕಾದದ್ದು ಒಂದೇ. ಈ ಒಂಬತ್ತು ತಿಂಗಳಲ್ಲಿ, ಆಮೇಲಿನ ಬಾಣಂತನದಲ್ಲಿ, ದುಡ್ಡಿದ್ದವರಿಗೆ ಸಿಗುವ ದೊಡ್ಡ ಅನುಕೂಲ ಅಂದರೆ ಬಿಡುವು. ಮಲಗಲು ಬಿಡುವು, ಡಾಕ್ಟರ ಎದುರು ಕೂತು ನಾಲ್ಕು ಮಾತು ಕೇಳಲು ಬಿಡುವು, ಹೆತ್ತ ಮೇಲೆ ಮೈ ಸುಧಾರಿಸಿಕೊಳ್ಳಲು ಬಿಡುವು. ಬಡ ಹೆಂಗಸಿಗೆ ಎಲ್ಲಕ್ಕಿಂತ ಮೊದಲು ತಪ್ಪಿಹೋಗುವುದೂ ಅದೇ.

ಒಂದು ಲೆಕ್ಕ ಹಾಕೋಣ. ಹೆರಿಗೆ ರಜೆಯ ಕಾನೂನು ನಮ್ಮ ದೇಶದಲ್ಲಿ 1961ರಲ್ಲಿ ಬಂತು. 2017ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಅಲ್ಲಿಯವರೆಗೆ 12 ವಾರ ಇದ್ದ ಸಂಬಳದ ರಜೆ, ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಅಂದರೆ 182 ದಿನ. ತಿಂಗಳಿಗೆ 60 ಸಾವಿರ ಸಂಬಳ ಇರುವ ಹೆಣ್ಣುಮಗಳಿಗೆ ಈ ಆರು ತಿಂಗಳಲ್ಲಿ ಸುಮಾರು 3 ಲಕ್ಷ 60 ಸಾವಿರ ರೂಪಾಯಿ ಮನೆಗೆ ಬರುತ್ತದೆ. ಬರಲೇಬೇಕು, ಅದು ಅವಳ ಹಕ್ಕು. ಅದೇ 2017ರಲ್ಲಿ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯೂ ಶುರುವಾಯಿತು. ಕೂಲಿ ಮಾಡುವ ಹೆಂಗಸಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗಲಿ, ಕೈತಪ್ಪುವ ಕೂಲಿ ಸ್ವಲ್ಪವಾದರೂ ತುಂಬಲಿ ಅನ್ನುವುದೇ ಅದರ ಉದ್ದೇಶ. ಕೊಡುವುದು ಮೊದಲ ಮಗುವಿಗೆ 5000 ರೂಪಾಯಿ, ಅದೂ ಕಂತುಗಳಲ್ಲಿ. ಈ 5000ವನ್ನು 182 ದಿನಕ್ಕೆ ಹಂಚಿ ನೋಡಿ. ದಿನಕ್ಕೆ 27 ರೂಪಾಯಿ ಚಿಲ್ಲರೆ. 27 ರೂಪಾಯಿ ನಂಬಿಕೊಂಡು ಯಾರಾದರೂ ಕೂಲಿ ಬಿಟ್ಟು ಮಲಗುತ್ತಾರಾ?

2013ರ ಆಹಾರ ಭದ್ರತಾ ಕಾಯ್ದೆ ಇದಕ್ಕಿಂತ ಜಾಸ್ತಿ ಹೇಳುತ್ತದೆ. ಸರ್ಕಾರಿ ನೌಕರಿಯಲ್ಲಿ ಇರುವವರು, ಇಂಥದ್ದೇ ಸೌಲಭ್ಯ ಈಗಾಗಲೇ ಪಡೆಯುತ್ತಿರುವವರನ್ನು ಬಿಟ್ಟು ಪ್ರತಿ ಬಸುರಿಗೂ ಕನಿಷ್ಠ 6000 ರೂಪಾಯಿ ಕೊಡಬೇಕು ಅನ್ನುತ್ತದೆ. ಅದು ಯೋಜನೆಯಾಗಿ ಜಾರಿಗೆ ಬರುವಾಗ 5000ಕ್ಕೆ ಇಳಿಯಿತು, ಮೊದಲ ಮಗುವಿಗೆ ಮಾತ್ರ ಅಂತ ಆಯಿತು. 2022ರಲ್ಲಿ ಎರಡನೆಯದು ಹೆಣ್ಣು ಮಗು ಆದರೆ 6000 ಅಂತ ಸೇರಿಸಿದರು. ಎರಡನೇ ಬಸಿರಿನಲ್ಲಿ ಹೆಂಗಸಿಗೆ ದಣಿವು ಕಡಿಮೆ ಇರುತ್ತದೆಯೇ? ಗಂಡು ಮಗು ಹೊತ್ತರೆ ಬೆನ್ನು ನೋಯುವುದಿಲ್ಲವೇ?

ಇನ್ನು 26 ವಾರದ ಕಾನೂನು ಯಾರಿಗೆ ಅನ್ವಯ ಆಗುತ್ತದೆ ನೋಡಿ. ಕಾರ್ಖಾನೆ, ಗಣಿ, ತೋಟ, ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿ, ಕಚೇರಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಗದ್ದೆಯಲ್ಲಿ ನಾಟಿ ಹಾಕುವವರು, ಮನೆಗೆಲಸದವರು, ಬೀದಿ ಬದಿ ಹೂವು ಮಾರುವವರು ಇವರ ಕೈಗೆ ಆ ಕಾನೂನು ಎಟಕುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಇಎಸ್‌ಐ ಅನ್ನುವ ನೌಕರರ ವಿಮೆ ಇದೆ, ರಜೆಯೂ ಇದೆ. ಆದರೆ ರಜೆ ಶುರುವಾಗುವ ತನಕದ ಕಥೆ ಬೇರೆ. ಮಿಷನ್ ಮುಂದೆ ಕೂತವಳು ಏಳುವಂತಿಲ್ಲ, ಹೆಲ್ಪರ್ ಆದವಳು ಕೂರುವಂತಿಲ್ಲ. ಟಾರ್ಗೆಟ್ ಮುಗಿಯಬೇಕು. ಶೌಚಾಲಯಕ್ಕೆ ಹೋಗಿಬರುವ ಹೊತ್ತು ಉಳಿಸಲು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಸುರಿಗೆ ಮೂತ್ರದ ಸೋಂಕು ಬಂದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯ ಹೆಚ್ಚು. ಕೆಲಸದ ಜಾಗದಲ್ಲಿ ತಪ್ಪಿದ ಐದು ನಿಮಿಷ ಹೀಗೆ ಮಗುವಿನ ತೂಕದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ವಿಚಾರ ಹೊಸದೇನಲ್ಲ. 1928ರ ಜುಲೈಯಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದರ ಪರವಾಗಿ ನಿಂತರು. ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತದ ವಿಷಯ ಅಂತ ವಾದಿಸಿದರು. ಮುಂದಿನ ವರ್ಷ ಅಲ್ಲಿ ಕಾನೂನು ಆಯಿತು. ಸುಮಾರು ನೂರು ವರ್ಷ ಆಗುತ್ತಾ ಬಂತು. ಅವರು ಕೇಳಿದ ವಿಶ್ರಾಂತಿ ಕೂಲಿ ಹೆಂಗಸಿನ ಮನೆ ಬಾಗಿಲಿಗೆ ಇನ್ನೂ ತಲುಪಿಲ್ಲ.

ಈಗ ರಕ್ತದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರು ಬಸುರಿಯರಲ್ಲಿ ಸುಮಾರು 46 ಜನರಿಗೆ ರಕ್ತಹೀನತೆ ಇತ್ತು. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ನಾವು ಎಚ್ಚರ ಆಗುತ್ತೇವೆ. ಹಿಮೋಗ್ಲೋಬಿನ್ 12 ಇರುವವಳು ಅಷ್ಟು ರಕ್ತ ಕಳೆದುಕೊಂಡರೂ ಮಾರನೇ ದಿನ ಎದ್ದು ಕೂರುತ್ತಾಳೆ. 7 ಇರುವವಳಿಗೆ ಅದೇ ಅರ್ಧ ಲೀಟರ್ ಜೀವಕ್ಕೆ ಕುತ್ತು. ಲೇಬರ್ ಟೇಬಲ್ ಒಂದೇ, ಹೋದ ರಕ್ತವೂ ಒಂದೇ ಅಳತೆ. ಒಬ್ಬಳು ಮನೆಗೆ ಹೋಗುತ್ತಾಳೆ, ಇನ್ನೊಬ್ಬಳನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ಅವಳ ಹಣೆಬರಹ ಅನ್ನುತ್ತಾರೆ ಜನ. ಆ 7 ಅನ್ನುವ ಸಂಖ್ಯೆ ವರ್ಷಗಟ್ಟಲೆ ಊಟದ ತಟ್ಟೆಯಲ್ಲಿ ತಯಾರಾದದ್ದು.

ಕಬ್ಬಿಣಾಂಶದ ಮಾತ್ರೆ ಸರ್ಕಾರವೇ ಕೊಡುತ್ತದೆ. ಬಸಿರಿನಲ್ಲಿ 180 ದಿನ ನುಂಗಬೇಕು. ಆದರೆ ಬರೀ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಬೆಳಗ್ಗೆ ಟೀ ಕುಡಿದು ಗದ್ದೆಗೆ ಇಳಿಯುವವಳು ಟೀ ಜೊತೆ ಮಾತ್ರೆ ತಗೊಂಡರೆ ಅದು ಮೈಗೆ ಹತ್ತುವುದೇ ಕಡಿಮೆ. ‘ಮಾತ್ರೆ ಕೊಟ್ಟೆವು, ಅವರು ನುಂಗಲಿಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಊಟದ ಕೊರತೆ ನೀಗಿಸಲು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಬಂತು. ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ. ಬಹಳ ಒಳ್ಳೆಯ ಯೋಜನೆ ಅಂತಲೇ ನನ್ನ ಅಭಿಪ್ರಾಯ. ಮನೆಗೆ ಕೊಟ್ಟ ದಿನಸಿ ಇಡೀ ಮನೆಯ ಪಾಲಾಗುತ್ತದೆ, ಇಲ್ಲಿ ಅವಳ ತಟ್ಟೆ ಅವಳದ್ದೇ. ಆದರೆ ಊಟದ ಹೊತ್ತಿಗೆ ಅವಳು ಅಂಗನವಾಡಿಗೆ ಬರಬೇಕಲ್ವಾ? ಮೂರು ಕಿಲೋಮೀಟರ್ ಆಚೆಯ ಹೊಲದಲ್ಲಿ ಕಳೆ ಕೀಳುತ್ತಿರುವವಳು ಹೇಗೆ ಬರುತ್ತಾಳೆ? ಬಂದರೆ ಅರ್ಧ ಕೂಲಿ ಹೋಗುತ್ತದೆ. ಇಲ್ಲೂ ಬಿಡುವಿನದೇ ತಕರಾರು.

ನಮ್ಮ ರಾಜ್ಯ ಗೆದ್ದ ಒಂದು ದೊಡ್ಡ ಕೆಲಸವನ್ನು ಮರೆಯಬಾರದು. 2005–06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ಕ್ಕೆ ಅದು 97 ಆಯಿತು. ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿದ್ದರಿಂದ, 2008ರಲ್ಲಿ 108 ಆಂಬುಲೆನ್ಸ್ ಬಂದದ್ದರಿಂದ ಇದು ಸಾಧ್ಯ ಆಯಿತು. ಅದಕ್ಕೆ ಮುಂಚೆ ಹಳ್ಳಿ ಹೆಂಗಸರ ಕೈ ಹಿಡಿದವರು ಸೂಲಗಿತ್ತಿಯರು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥವರು ಹೆರುವವಳ ಪಕ್ಕ ರಾತ್ರಿಯಿಡೀ ಕೂತಿರುತ್ತಿದ್ದರು. ಆಸ್ಪತ್ರೆ ಜೀವ ಉಳಿಸಿತು. ಆ ಪಕ್ಕದಲ್ಲಿ ಕೂರುವ ಕೆಲಸವನ್ನು ಮಾತ್ರ ನಾವು ಮುಂದುವರಿಸಲಿಲ್ಲ.

2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಪಕ್ಕದ ಕೇರಳದಲ್ಲಿ 19. ಆಸ್ಪತ್ರೆ ಬಾಗಿಲಿಗೆ ಬಂದ ಮೇಲೂ ಸಾವು ಯಾಕೆ? ಹೆರಿಗೆಯ ನಂತರ ತೀವ್ರ ರಕ್ತಸ್ರಾವ ಆದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿ ರಕ್ತ ಇಲ್ಲ ಅಂತ ಜಿಲ್ಲೆಗೆ, ಅಲ್ಲಿಂದ ಇನ್ನೆಲ್ಲಿಗೋ. ದುಡ್ಡಿದ್ದವರು ದಿನ ತುಂಬುವ ಮುಂಚೆಯೇ ಎಲ್ಲ ಸೌಲಭ್ಯ ಇರುವ ಆಸ್ಪತ್ರೆಯ ಹತ್ತಿರ ಬಂದು ಇರುತ್ತಾರೆ. ಉಳಿದವರ ಪಾಲಿನ ಎರಡು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಕೆಲವರನ್ನು ಬಾಗಿಲಲ್ಲೇ ತಡೆಯುವುದೂ ಉಂಟು. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಆದದ್ದು ನಿಮಗೆ ನೆನಪಿರಬೇಕು. ತಮಿಳುನಾಡಿನಿಂದ ಬಂದಿದ್ದ ಬಡ ಹೆಂಗಸು, ಹೆರಿಗೆ ನೋವು. ತಾಯಿ ಕಾರ್ಡ್ (ಬಸುರಿಯ ತಪಾಸಣೆಯ ವಿವರ ಬರೆಯುವ ಸರ್ಕಾರಿ ಕಾರ್ಡ್) ಇಲ್ಲ, ಆಧಾರ್ ಇಲ್ಲ ಅಂತ ಜಿಲ್ಲಾಸ್ಪತ್ರೆಯಲ್ಲಿ ಸೇರಿಸಿಕೊಳ್ಳಲಿಲ್ಲ ಅನ್ನುವ ಆರೋಪ ಬಂತು. ಮನೆಗೆ ವಾಪಸ್ ಹೋದಳು. ಅಲ್ಲೇ ಅವಳಿ ಮಕ್ಕಳು ಹುಟ್ಟಿದವು. ತಾಯಿಯೂ ಸತ್ತಳು, ಎರಡು ಮಕ್ಕಳೂ ಸತ್ತವು. ಡಾಕ್ಟರ್, ನರ್ಸ್‌ಗಳನ್ನು ಅಮಾನತು ಮಾಡಿದರು. ನನ್ನನ್ನು ಕಾಡುವುದು ಕಾರ್ಡಿನ ವಿಷಯ. ತಾಯಿ ಕಾರ್ಡ್ ಮಾಡಿಸಲು ಒಂದೇ ಊರಿನಲ್ಲಿ ನೆಲೆ ನಿಂತಿರಬೇಕು, ಆಶಾ ಅಕ್ಕನಿಗೆ ಮನೆ ಗೊತ್ತಿರಬೇಕು. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಇರುವವರಿಗೆ ವಿಳಾಸವೇ ಇಲ್ಲ. ಮೊದಲ ಸ್ಕ್ಯಾನಿಂಗ್ ಊರಲ್ಲಿ, ಎರಡನೆಯದು ಇನ್ನೆಲ್ಲೋ, ಚೀಟಿಗಳು ಪ್ಲಾಸ್ಟಿಕ್ ಕವರಿನಲ್ಲಿ. ಯಾರಿಗೆ ಆಸ್ಪತ್ರೆ ಅತಿ ಹೆಚ್ಚು ಬೇಕೋ ಅವರ ಹತ್ತಿರವೇ ಕಾಗದ ಇರುವುದಿಲ್ಲ.

ವಾರ್ಡಿನ ಒಳಗಿನ ವಿಷಯ ಹೇಳದೆ ಹೋದರೆ ನಾನು ಇಲ್ಲಿಗೆ ಬಂದದ್ದೇ ವ್ಯರ್ಥ. ಬಡ ಹೆಂಗಸಿನ ಜೊತೆ ಲೇಬರ್ ರೂಮಿನಲ್ಲಿ ಮಾತಾಡುವ ರೀತಿ ನಿಮಗೂ ಗೊತ್ತಿರುತ್ತದೆ, ನಿಮ್ಮ ಅಮ್ಮನೋ ಅತ್ತೆಯೋ ಹೇಳಿರುತ್ತಾರೆ. ‘ಕಿರುಚಬೇಡ, ಆಗ ಚೆನ್ನಾಗಿತ್ತಾ?’ ಅನ್ನುವ ಮಾತು. ತೊಡೆಗೆ ಹೊಡೆತ. ಹುಟ್ಟಿದ ಮೇಲೆ ‘ಖುಷಿಗೆ ಕೊಡಿ’ ಅಂತ ಕೈ ಚಾಚುವುದು, ಗಂಡಾದರೆ ಜಾಸ್ತಿ, ಹೆಣ್ಣಾದರೆ ಕಡಿಮೆ. ಇದಕ್ಕೆ ಕಾರಣಗಳಿವೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್, ನೋವು ತಿನ್ನುತ್ತಿರುವವರು ನಾಲ್ಕೈದು ಜನ, ಮಂಚ ಸಾಲದು, ಫೈಲ್ ಬರೆಯಬೇಕು. ನಾನೂ ಆ ಪಾಳಿ ಮಾಡಿದವಳು, ಅದರ ಸುಸ್ತು ಗೊತ್ತು. ಆದರೆ ಅದೇ ಸುಸ್ತಿನಲ್ಲಿ ತಹಶೀಲ್ದಾರರ ಮನೆಯವರು ಬಂದರೆ ‘ಬನ್ನಿ ಮೇಡಂ’ ಅನ್ನುತ್ತೇವೆ. ಹಾಗಾದರೆ ಸುಸ್ತು ಪೂರ್ತಿ ಕಾರಣ ಆಗಲಾರದು. ಎದುರಿಗಿರುವವಳು ತಿರುಗಿ ಕೇಳುವುದಿಲ್ಲ ಅನ್ನುವ ಧೈರ್ಯವೂ ಅದರಲ್ಲಿ ಸೇರಿದೆ.

ಹೆರುವವಳ ಜೊತೆ ಒಬ್ಬ ಹೆಣ್ಣುಮಗಳು ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅಮ್ಮ, ಅಕ್ಕ, ಓರಗಿತ್ತಿ ಯಾರಾದರೂ ಪಕ್ಕದಲ್ಲಿ ಇದ್ದರೆ ಬೈಗುಳ ತಾನಾಗಿ ಕಡಿಮೆ ಆಗುತ್ತದೆ, ನೋವಿನ ಭಯವೂ ಇಳಿಯುತ್ತದೆ. ಇದಕ್ಕೆ ಖರ್ಚೇ ಇಲ್ಲ. ಆದರೂ ಎಷ್ಟೋ ಕಡೆ ‘ಹೊರಗೆ ಇರಿ’ ಅನ್ನುತ್ತಾರೆ.

ಬಡವರು ಸಾಲ ಮಾಡಿ ಖಾಸಗಿ ನರ್ಸಿಂಗ್ ಹೋಮಿಗೆ ಯಾಕೆ ಹೋಗುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಉಚಿತ ಇರುವಾಗ ಬುದ್ಧಿ ಬೇಡವಾ ಅನ್ನುತ್ತಾರೆ. ಸರ ಗಿರವಿ ಇಟ್ಟು ಹೋದ ಹೆಣ್ಣುಮಗಳೊಬ್ಬಳನ್ನು ನಾನು ಕೇಳಿದ್ದೆ. ‘ಅಲ್ಲಿ ಬೈಯಲ್ಲ ಅಕ್ಕಾ’ ಅಂದಳು. ಅಷ್ಟೇ ಅವಳ ಉತ್ತರ. ಬೈಸಿಕೊಳ್ಳದೆ ಹೆರುವುದಕ್ಕಾಗಿ ಅವಳು ತವರಿನ ಚಿನ್ನ ಗಿರವಿ ಇಟ್ಟಳು. ಅವಳಿಗೆ ಬುದ್ಧಿ ಇಲ್ಲ ಅನ್ನುವ ಧೈರ್ಯ ನನಗಿಲ್ಲ.

ಖಾಸಗಿಯಲ್ಲಿ ಎಲ್ಲವೂ ಸುಖ ಅಂತಲೂ ತಿಳಿಯಬೇಡಿ. ಕರ್ನಾಟಕದಲ್ಲಿ 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಖಾಸಗಿ ಆಸ್ಪತ್ರೆಗಳ ನೂರು ಹೆರಿಗೆಯಲ್ಲಿ ಸುಮಾರು 52 ಸಿಸೇರಿಯನ್. ಸರ್ಕಾರಿಯಲ್ಲಿ ಸುಮಾರು 23. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ 10ರಿಂದ 15ಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ ಅಂದಿತ್ತು. ಮೊದಲ ಹೆರಿಗೆಗೆ ಹನ್ನೆರಡು, ಹದಿನಾಲ್ಕು ಗಂಟೆ ನೋವು ಬರುವುದು ಸಾಮಾನ್ಯ. ಅಷ್ಟು ಹೊತ್ತು ಕಾಯುವ ಪುರುಸೊತ್ತು ಡಾಕ್ಟರಿಗಿಲ್ಲ, ಮನೆಯವರಿಗೂ ಧೈರ್ಯ ಇಲ್ಲ. ಬಿಲ್ಲೂ ದೊಡ್ಡದಾಗುತ್ತದೆ. ಮುಹೂರ್ತ ನೋಡಿ, ಇಂಥ ನಕ್ಷತ್ರಕ್ಕೆ ಇಂಥ ಗಂಟೆಗೆ ಮಗು ತೆಗೆಯಿರಿ ಅಂತ ಕೇಳುವ ಮನೆಗಳೂ ಇವೆ. ಬೇಡದ ಆಪರೇಷನ್ ಸಣ್ಣ ವಿಷಯ ಅಲ್ಲ. ಮುಂದಿನ ಬಸಿರಿನಲ್ಲಿ ಕಸ (ಮಾಸು, ಅಂದರೆ ಪ್ಲಾಸೆಂಟಾ) ಹಳೇ ಗಾಯಕ್ಕೆ ಅಂಟಿಕೊಂಡು ಭಾರಿ ರಕ್ತಸ್ರಾವ ಆಗುವ ಅಪಾಯ ಇದೆ. ಒಬ್ಬಳಿಗೆ ಬೇಕಾದಾಗ ಸಿಸೇರಿಯನ್ ಸಿಗುವುದಿಲ್ಲ, ಇನ್ನೊಬ್ಬಳಿಗೆ ಬೇಡದೆ ಆಗುತ್ತದೆ. ಸಂಬಳ ಚೆನ್ನಾಗಿರುವ ಹೆಣ್ಣುಮಕ್ಕಳೂ ‘ಯಾಕೆ ಮಾಡುತ್ತಿದ್ದೀರಿ ಡಾಕ್ಟ್ರೇ’ ಅಂತ ಕೇಳಬೇಕು. ಅವರಿಗೆ ಕೇಳುವ ಅವಕಾಶ ಇದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರು ಎಂಥ ಅಪಾಯಕ್ಕೆ ಸಿಕ್ಕಬಹುದು ಅಂತ 2024ರ ನವೆಂಬರಿನಲ್ಲಿ ಬಳ್ಳಾರಿ ತೋರಿಸಿತು. ಕೆಲವೇ ದಿನಗಳ ಅಂತರದಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ನರಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಆ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು. ಸತ್ತವರ ಮನೆಯವರಿಗೆ ಬೇರೆ ಆಸ್ಪತ್ರೆ ಆರಿಸಿಕೊಳ್ಳುವ ಶಕ್ತಿ ಇರಲಿಲ್ಲ. ಆರಿಸಿಕೊಳ್ಳುವ ಶಕ್ತಿ ಇರುವ ನಾವೆಲ್ಲ ಸರ್ಕಾರಿ ಆಸ್ಪತ್ರೆಯಿಂದ ದೂರ ಸರಿದ ಮೇಲೆ ಅಲ್ಲಿ ಗಟ್ಟಿಯಾಗಿ ಕೇಳುವವರು ಉಳಿದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಇನ್ನು ಬಾಣಂತನ. ಚೊಚ್ಚಲ ಹೆರಿಗೆ ತವರಿನಲ್ಲಿ, ಮೂರು ತಿಂಗಳೋ ಐದು ತಿಂಗಳೋ ಅಮ್ಮನ ಆರೈಕೆ, ಎಣ್ಣೆ ನೀರು, ಅಂಟಿನುಂಡೆ, ಬೆಚ್ಚಗಿನ ಕೋಣೆ. ಇದು ನಮ್ಮ ಪದ್ಧತಿ ಅಂತ ಹೆಮ್ಮೆಯಿಂದ ಹೇಳುತ್ತೇವೆ. ತವರಿನಲ್ಲಿ ಒಂದು ಕೋಣೆ ಬಿಟ್ಟುಕೊಡುವ ಶಕ್ತಿ ಇರುವವರ ಪದ್ಧತಿ ಅದು. ಅಮ್ಮನೇ ಕೂಲಿಗೆ ಹೋಗುವವಳಾದರೆ ಮಗಳಿಗೆ ನೀರು ಹಾಕುವವರು ಯಾರು? ಅಮೆರಿಕದಲ್ಲಿ ಇರುವ ಮಗಳ ಬಾಣಂತನಕ್ಕೆ ಅಮ್ಮಂದಿರು ಆರು ತಿಂಗಳ ವೀಸಾ ಮಾಡಿಸಿ ಹೋಗುತ್ತಾರೆ. ಕೊಬ್ಬರಿ, ಅಂಟು ಎಲ್ಲ ಸೂಟ್‌ಕೇಸಿನಲ್ಲಿ ಹೋಗುತ್ತದೆ. ಒಳ್ಳೆಯದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಬಳಕ್ಕೆ ಬಾಣಂತನ ಮಾಡುವ ಹೆಂಗಸರು ಬರುತ್ತಾರೆ. ಅಂಥ ಒಬ್ಬಾಕೆ ನನಗೆ ಹೇಳಿದ್ದಳು, ತಾನು ಹೆತ್ತು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಇಳಿದಿದ್ದೆ ಅಂತ. ಊರವರ ಮಕ್ಕಳಿಗೆಲ್ಲ ನೀರು ಹಾಕುವ ಕೈಗೆ ತನ್ನ ಮಗುವಿಗೆ ಹಾಕುವ ಹೊತ್ತು ಸಿಗಲಿಲ್ಲ.

ಒಂದು ಮಾತು ಮಕ್ಕಳಾಗದ ಆಪರೇಷನ್ ಬಗ್ಗೆ. 2019–21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನ ಇದನ್ನು ಮಾಡಿಸಿಕೊಂಡಿದ್ದರು. ಗಂಡಸರಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ‘ಮತ್ತೆ ಆಸ್ಪತ್ರೆಗೆ ಬರೋಕೆ ಎಲ್ಲಿ ಪುರುಸೊತ್ತು, ಈಗಲೇ ಮಾಡಿಬಿಡಿ’ ಅಂತ ಹೆತ್ತ ಮಾರನೇ ದಿನವೇ ಕೇಳಿದ ಎಳೇ ಹೆಣ್ಣುಮಕ್ಕಳು ಎಷ್ಟೋ ಜನ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳು ಇವು.

ಒಬ್ಬ ವಿದ್ಯಾರ್ಥಿ: ಮೇಡಂ, ನೀವು ದುಡ್ಡಿನ ಬಗ್ಗೆ ಹೇಳಿದಿರಿ. ಇದರಲ್ಲಿ ಜಾತಿ ಇಲ್ಲವೇ?

ಇದೆ. ವಾರ್ಡಿನಲ್ಲಿ ರಕ್ತ ಒರೆಸುವವರು, ಕಸ ಹೂಳುವವರು ಯಾರು ಅಂತ ನೋಡಿದರೆ ಸಾಕು. ಹಿಂದೆ ಎಷ್ಟೋ ಊರುಗಳಲ್ಲಿ ಮಗುವಿನ ಹೊಕ್ಕುಳು ಕತ್ತರಿಸಲು ಕೇರಿಯ ಹೆಂಗಸು ಬೇಕಿತ್ತು, ಕೆಲಸ ಆದ ಮೇಲೆ ಅವಳನ್ನು ಹಿತ್ತಲಿನಿಂದಲೇ ಕಳಿಸುತ್ತಿದ್ದರು. ಈಗಲೂ ಹೆಸರು, ಊರು, ಮಾತಾಡುವ ರೀತಿ ಕೇಳಿ ಅಳೆಯುವವರು ಇದ್ದಾರೆ. ಬಡತನ ಮತ್ತು ಜಾತಿ ಎರಡೂ ಒಬ್ಬಳ ಮೇಲೇ ಬಿದ್ದಾಗ ಅವಳ ಸರದಿ ಎಲ್ಲ ಕಡೆ ಕೊನೆಗೆ ಬರುತ್ತದೆ. ನೀನು ಕೇಳಿದ್ದು ಸರಿ ಮಗಾ. ಅದರ ಬಗ್ಗೆಯೇ ಇನ್ನೊಂದು ದಿನ ಮಾತಾಡಬೇಕು.

ಒಬ್ಬ ಗೃಹಿಣಿ: ನಮ್ಮ ಮನೆ ಕೆಲಸಕ್ಕೆ ಬರುವ ಹುಡುಗಿ ಈಗ ಐದು ತಿಂಗಳ ಬಸುರಿ. ಕಾನೂನು ಬದಲಾಗುವ ತನಕ ನಾನು ಏನು ಮಾಡಬಹುದು?

ಇದನ್ನು ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ ಅಮ್ಮಾ. ಮೊದಲನೆಯದು, ಅವಳನ್ನು ಕೆಲಸದಿಂದ ಬಿಡಿಸಬೇಡಿ. ಭಾರದ ಕೆಲಸ ತೆಗೆದುಹಾಕಿ, ಕೂತು ಮಾಡುವಂಥದ್ದು ಕೊಡಿ. ಹೆರಿಗೆಯ ತಿಂಗಳುಗಳ ಸಂಬಳ ಪೂರ್ತಿ ಕೊಡಿ. ಅವಳು ಮೂರು ಮನೆಯಲ್ಲಿ ಕೆಲಸ ಮಾಡುತ್ತಿದ್ದರೆ ಆ ಮೂರೂ ಮನೆಯವರು ಕೂತು ಮಾತಾಡಿಕೊಳ್ಳಿ, ಆಗ ಯಾರಿಗೂ ಹೊರೆ ಆಗುವುದಿಲ್ಲ. ತಾಯಿ ಕಾರ್ಡ್ ಆಗಿದೆಯಾ ಅಂತ ವಿಚಾರಿಸಿ, ಆಗಿಲ್ಲ ಅಂದರೆ ನೀವೇ ಜೊತೆಗೆ ಹೋಗಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ ಅಂತ ಅವಳಿಗೂ ಅವಳ ಗಂಡನಿಗೂ ಬಿಡಿಸಿ ಹೇಳಿ. ಯಾರಾದರೂ ದುಡ್ಡು ಕೇಳಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಲಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಆ ದಿನ ಅವಳಿಗೆ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಮಾರನೇ ದಿನ ಕೇಳಿ.